ಐವತ್ತೆಂಟು ಕಿಲೋದ ಹಲಗೆ

ಜನವರಿ 6

ಪ್ರೀತಿಯ ಚಿಕ್ಕಮ್ಮ,

ನೀನು ಫೋನು ಎತ್ತುವುದಿಲ್ಲ. ಕೇಳಿದರೆ ಕೈಯೆಲ್ಲ ಅಂಟು ಅನ್ನುತ್ತೀಯ. ಅದಕ್ಕೇ ಕಾಗದ. ವಿಷಯ ಚಾರಿತ್ರಿಕವಾದದ್ದು, ದಯವಿಟ್ಟು ಕೊನೆತನಕ ಓದು.

ನಮ್ಮ ಉಪ್ಪಿನ ಕಾರ್ಖಾನೆಯ ಹಿಂದೆ ಸಮುದ್ರದ ನೀರು ತುಂಬಿಸಿಕೊಳ್ಳುವ ದೊಡ್ಡ ಕೊಳ ಇದೆ. ಒಂದು ಕಿಲೋಮೀಟರ್ ಉದ್ದ, ಮೂರು ಕಡೆ ಕಟ್ಟೆ. ಎಷ್ಟು ಗಾಳಿ ಬೀಸಿದರೂ ಅಲೆ ಏಳುವುದಿಲ್ಲ, ನೀರು ತಟ್ಟೆಯ ಹಾಗೆ ಇರುತ್ತದೆ. ಆ ಕಟ್ಟೆಯ ಮಣ್ಣು ಹೊತ್ತವರು ಇಲ್ಲಿನ ಹೆಂಗಸರು. ಆ ನೀರಿನ ಮೇಲೆ ಹಾಯಿ ಕಟ್ಟಿದ ಹಲಗೆ ಹತ್ತಿ ವಿಂಡ್‌ಸರ್ಫಿಂಗ್ ಮಾಡುವವರು ಮೇನೇಜರು ಮತ್ತು ಅವರ ಕ್ಲಬ್ಬಿನವರು. ನಮಗೂ ನೀರಿಗೂ ನಡುವೆ ಒಂದು ಹಳದಿ ಹಗ್ಗ. ದಿನವಿಡೀ ಉಪ್ಪಿನ ಮೂಟೆ ಹೊತ್ತು ಕಾಲು ಉರಿಯುತ್ತಿದ್ದರೂ ಆ ನೀರಿಗೆ ಪಾದ ಇಳಿಬಿಡುವ ಹಾಗಿಲ್ಲ!

ಹೋದ ವಾರದ ಸಭೆಯಲ್ಲಿ ನಾನು ಎದ್ದು ನಿಂತು ಕೇಳಿಯೇಬಿಟ್ಟೆ: "ಸಂಜೆ ಐದರ ಮೇಲೆ ಈ ನೀರು ಕೆಲಸಗಾರರದ್ದು ಯಾಕಾಗಬಾರದು?" ಮೇನೇಜರು (ಇವರನ್ನು ನಾವು ಇಸ್ತ್ರಿ ಸಾಹೇಬರು ಅನ್ನುತ್ತೇವೆ, ಆ ಮನುಷ್ಯ ಕೂತೆದ್ದರೂ ಅಂಗಿ ಸುಕ್ಕಾಗುವುದಿಲ್ಲ) ನಕ್ಕು ಹೇಳಿದರು: "ನಮ್ಮ ಸ್ಲಾಲಂ ಓಟದಲ್ಲಿ ನಿಮ್ಮೋರು ಯಾರಾದ್ರೂ ಮೊದಲ ಮೂರರಲ್ಲಿ ಬನ್ನಿ ನೋಡೋಣ. ಅವತ್ತಿಂದ ಸಂಜೆ ನೀರು ನಿಮ್ಮದೇ." ನಾನು ಆ ಮಾತನ್ನು ಅಲ್ಲೇ ಹಾಳೆಯ ಮೇಲೆ ಬರೆದು ಮುಂದೆ ಹಿಡಿದೆ. ನಗುತ್ತಲೇ ಸಹಿ ಹಾಕಿದರು. ಆ ನಗು ಓಟದ ದಿನ, ಏಪ್ರಿಲ್ 19ಕ್ಕೆ, ಮುಗಿಯಬೇಕು.

ಹಲಗೆಯ ಮೇಲೆ ನಿಲ್ಲಲು ಬರುವವಳು ಇಲ್ಲಿ ನಾನೊಬ್ಬಳೇ. ರಜೆಯಲ್ಲಿ ನಿನ್ನ ಹತ್ತಿರ ಕಲಿತದ್ದು. ನನಗೊಂದು ಹಲಗೆ ಮಾಡಿಕೊಡು. ಸ್ಪೀಡ್ ಬೋರ್ಡು ಬೇಕು. ಜೊತೆಗಿರುವ ಕರಪತ್ರದಲ್ಲಿ ಚಿತ್ರ ಇದೆ: ನಲವತ್ತೊಂಬತ್ತು ಸೆಂಟಿಮೀಟರ್ ಅಗಲ. ವೇಗ ಉಳ್ಳವರ ಸೊತ್ತಲ್ಲ ಎಂದು ತೋರಿಸಬೇಕಾಗಿದೆ.

ಹೋರಾಟದಲ್ಲಿ,
ನಿನ್ನ ಮಗಳಂಥವಳು


ಜನವರಿ 19

ಮುದ್ದು ಕರಪತ್ರ,

ಪೂರ್ತಿ ಓದಿದೆ. ಫೋನು ಎತ್ತದಿರುವುದಕ್ಕೆ ಅಂಟು ಒಂದೇ ಕಾರಣ ಅಲ್ಲ. ಫೋನಿನಲ್ಲಿ ನೀನು ಭಾಷಣ ಮಾಡುತ್ತೀಯ. ಕಾಗದದಲ್ಲಾದರೆ ಹಾಳೆ ಮುಗಿಯುತ್ತದೆ.

ನೀನು ಕಳಿಸಿದ ಚಿತ್ರದ ಹಲಗೆ ಚೆನ್ನಾಗಿದೆ. ಅದನ್ನು ಕೊಂಡರೆ ಗೋಡೆಗೆ ನೇತುಹಾಕು. ಸ್ಪೀಡ್ ಬೋರ್ಡು ಅಂದರೆ ಕಣ್ಣಿಗೆ ಪಟ್ಟಿ ಕಟ್ಟಿದ ಕುದುರೆ. ಭರ್ಜರಿ ಗಾಳಿ ಬೇಕು, ಸಪಾಟು ನೀರು ಬೇಕು, ಒಂದೇ ಗೆರೆಯಲ್ಲಿ ಅರ್ಧ ಕಿಲೋಮೀಟರ್ ಹಾರಬೇಕು, ಅಲ್ಲಿಗೆ ಮುಗಿಯಿತು. ಸ್ಲಾಲಂ ಹಾಗಲ್ಲ ತಾಯಿ. ನಿಂತ ನೀರಿನಿಂದ ಹೊರಡಬೇಕು, ಗುರುತಿಗೆ ಬಿಟ್ಟ ತೇಲುಬುಡ್ಡೆ ಸುತ್ತಿ ತಿರುಗಬೇಕು, ತಿರುಗುವಾಗ ವೇಗ ಸತ್ತರೆ ಮತ್ತೆ ಎಬ್ಬಿಸಬೇಕು. ಅದಕ್ಕೆ ಅಗಲ ಬೇಕು. ಉದ್ದ ನೋಡಿ ಹಲಗೆ ಆರಿಸುವುದು ಹಳೇ ಕಾಲದ ಮಾತು, ಈಗ ಎಲ್ಲ ಅಗಲದ ಮೇಲೆ. ಅಗಲ ಹೆಚ್ಚಾದಷ್ಟೂ ಕಡಿಮೆ ಗಾಳಿಗೆ ನೀರಿನ ಮೇಲೆ ಏಳುತ್ತದೆ, ಕೆಳಗೆ ಮೀನಿನ ರೆಕ್ಕೆಯಂಥ ಉದ್ದನೆಯ ಫಿನ್ ಕೇಳುತ್ತದೆ. ಕಿರಿದಾದಷ್ಟೂ ಜೋರು ಗಾಳಿಯಲ್ಲಿ ಹಿಡಿತಕ್ಕೆ ಸಿಗುತ್ತದೆ.

ಮೂರು ಪ್ರಶ್ನೆ. ಭಾಷಣ ಇಲ್ಲದೆ ಉತ್ತರ ಬರೆ. ಓಟದ ಹೊತ್ತಿಗೆ ಗಾಳಿ ಹೇಗಿರುತ್ತದೆ? ಆ ಹಲಗೆ ನಿನಗೊಬ್ಬಳಿಗೋ, ಎಲ್ಲರಿಗೂ ಸೇರಿಯೋ? ನಿನ್ನ ತೂಕ ಎಷ್ಟು?

ನಿನ್ನ ಅಮ್ಮ ನಿನ್ನ ಕಾಗದ ಬಂದಿಲ್ಲ ಅಂತ ನನ್ನ ತಲೆ ತಿನ್ನುತ್ತಿದ್ದಾಳೆ. ಎರಡು ಸಾಲು ಹಾಕು.

ಚಿಕ್ಕಮ್ಮ


ಜನವರಿ 28

ಪ್ರೀತಿಯ ಚಿಕ್ಕಮ್ಮ,

ಸ್ಲಾಲಂ ಬೋರ್ಡಿಗೆ ಒಪ್ಪಿದೆ. ಸತ್ಯ ಗೊತ್ತಾದ ಮೇಲೆ ಬದಲಾಗುವುದು ಅವಮಾನವಲ್ಲ.

ಒಂದು: ಏಪ್ರಿಲ್‌ನಲ್ಲಿ ಮಧ್ಯಾಹ್ನದ ಗಾಳಿ ತುಂಬ ಜೋರು. ಒಣಗಲು ಹಾಕಿದ ಬಟ್ಟೆ ಪಕ್ಕದ ಬೀದಿಯಲ್ಲಿ ಸಿಗುತ್ತದೆ. ಆದ್ದರಿಂದ ಸ್ಲಾಲಂನಲ್ಲೇ ಕಿರಿದಾದದ್ದನ್ನು ಮಾಡು.

ಎರಡು: ಮೊದಲು ಎಲ್ಲರಿಗೂ ಒಂದು ಅಗಲದ ಹಲಗೆ ಎಂದೇ ಯೋಚಿಸಿದ್ದೆ. ಆದರೆ ಮುಂದೆ ನಡೆಯುವವರು ಮೊದಲು ದಾರಿ ತೆರೆಯಬೇಕು. ಗೆಲ್ಲುವ ತನಕ ಅದು ನನ್ನ ಅಳತೆಗೇ ಇರಲಿ.

ಮೂರು: ಐವತ್ತೆಂಟು ಕಿಲೋ. ಅಂದಾಜಲ್ಲ. ನಾನು ಇಲ್ಲಿ ತೂಕದ ಗುಮಾಸ್ತೆ ಎಂಬುದು ನಿನಗೆ ಮರೆತಿರಬೇಕು. ದಿನಕ್ಕೆ ಆರುನೂರು ಮೂಟೆ ತೂಗುವ ಕಾರ್ಖಾನೆಯ ತಕ್ಕಡಿಯ ಮೇಲೆ ನಾನೇ ನಿಂತು ಚೀಟಿ ತೆಗೆದಿದ್ದೇನೆ. ಓಟದ ಅರ್ಜಿಗೂ ಅದೇ ಚೀಟಿ ಲಗತ್ತಿಸಿದೆ, ಅದರ ಮೇಲೆ ಇಸ್ತ್ರಿ ಸಾಹೇಬರ ಸಹಿಯೂ ಬಿದ್ದಿದೆ. ಕ್ಲಬ್ಬಿನಲ್ಲಿ ಅರವತ್ತು ಕಿಲೋ ಒಳಗಿನವರದು ಹಗುರದ ಗುಂಪು, ಮೇಲಿನವರದು ಭಾರದ ಗುಂಪು. ನಾನು ಹಗುರದ ಗುಂಪು.

ತಕ್ಕಡಿಯ ವಿಷಯ ಬಂತು ಅಂತ ಹೇಳುತ್ತೇನೆ. ಇಲ್ಲಿ ಮೂಟೆ ಹೊರುವ ಮೂವತ್ತೊಂದು ಹೆಂಗಸರಲ್ಲಿ ಹಿರಿಯಳು ದೊಡ್ಡಕ್ಕ. "ನಿನ್ನ ತಕ್ಕಡಿ ಮೂಟೆ ತಿನ್ನತ್ತೆ ಕಣೇ ಹುಡುಗಿ, ನನ್ನ ಕತ್ತಿಗೆ ಗೊತ್ತು" ಅನ್ನುತ್ತಾಳೆ. ಕತ್ತು ಅಳತೆಯ ಸಾಧನವಲ್ಲ ಎಂದು ನಾನು ಸಮಾಧಾನವಾಗಿ ವಿವರಿಸಿದೆ. ಮೂಢನಂಬಿಕೆ ಮತ್ತು ವಿಜ್ಞಾನ ಎಂಬ ಕರಪತ್ರವನ್ನೂ ಕೊಟ್ಟೆ. ಅದನ್ನವಳು ತಲೆಯ ಮೇಲಿನ ಸಿಂಬಿಯೊಳಗೆ ಮಡಿಸಿಟ್ಟುಕೊಂಡಳು. ಓದುತ್ತಾಳೆ ಎಂದು ನಂಬಿದ್ದೇನೆ.

ನಿನ್ನ
ಕರಪತ್ರ (ಈ ಹೆಸರಿಗೆ ನನಗೆ ನಾಚಿಕೆಯಿಲ್ಲ)


ಫೆಬ್ರುವರಿ 8

ಕರಪತ್ರಾ,

ಐವತ್ತೆಂಟಾ? ಹೋದ ಸಲ ಬಂದಾಗ ನನ್ನ ಕುರ್ಚಿಯ ಒಂದು ಕಾಲು ಹೋಯಿತು. ನಿಜ ಹೇಳು, ಊಟ ಬಿಟ್ಟಿದ್ದೀಯಾ? ಕರಪತ್ರ ಅಚ್ಚು ಹಾಕಿಸಲು ಹೊಟ್ಟೆ ಕಟ್ಟುತ್ತಿದ್ದೀಯಾ? ಅಕ್ಕನಿಗೆ ತಿಳಿಸಿದ್ದೇನೆ. ಅವಳು ಅಡಿಗೆಮನೆಗೆ ಹೊಕ್ಕಿದ್ದಾಳೆ, ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ.

ಇನ್ನೊಂದು ಸಲ ಕೇಳುತ್ತಿದ್ದೇನೆ. ಹಲಗೆ ಕೆತ್ತುವವಳ ಹತ್ತಿರವೂ ಡಾಕ್ಟರ ಹತ್ತಿರವೂ ಮುಚ್ಚಿಡಬಾರದು. ಐವತ್ತೆಂಟೇ ಹೌದಾ?

ಚಿಕ್ಕಮ್ಮ


ಫೆಬ್ರುವರಿ 15

ಚಿಕ್ಕಮ್ಮ,

ನಿನ್ನ ಕಾಗದದಿಂದ ನನಗಾದ ನೋವನ್ನು ಬರೆಯಲು ಮೂರು ಹಾಳೆ ಬೇಕಾಯಿತು. ಲಗತ್ತಿಸಿದ್ದೇನೆ. ಸಂಕ್ಷೇಪವಾಗಿ ಇಷ್ಟು: ಸುಳ್ಳು ಶುರುವಾಗುವುದೇ ಸಣ್ಣ ಅಂಕಿಗಳಲ್ಲಿ. ತನ್ನ ತೂಕದ ಬಗ್ಗೆ ಸುಳ್ಳು ಹೇಳುವವಳಿಗೆ ಜಗತ್ತಿನ ಅನ್ಯಾಯದ ಬಗ್ಗೆ ಮಾತಾಡುವ ಹಕ್ಕಿಲ್ಲ. ನಾನು ನನ್ನ ಬದುಕಿನಲ್ಲಿ ಒಂದು ಗ್ರಾಂ ಹೆಚ್ಚೂ ಹೇಳಿಲ್ಲ, ಕಡಿಮೆಯೂ ಹೇಳಿಲ್ಲ. ಐವತ್ತೆಂಟು.

ಅಮ್ಮನಿಂದ ಮೂರು ಡಬ್ಬಿ ಬಂದಿವೆ. ಒಂದರ ಮೇಲೆ "ಮೊದಲು ಇದನ್ನು ತಿನ್ನು, ಆಮೇಲೆ ಲೋಕ ಉದ್ಧಾರ ಮಾಡು" ಎಂದು ಬರೆದಿದೆ. ತತ್ವದ ಪ್ರಕಾರ ಎಲ್ಲರಿಗೂ ಹಂಚಬೇಕಿತ್ತು. ಒಂದು ಡಬ್ಬಿ ಹಂಚಿದೆ.

ಕುರ್ಚಿ ಮೊದಲೇ ಮುರಿದಿತ್ತು.


ಮಾರ್ಚ್ 12

ಕರಪತ್ರಾ,

ಮೂರು ಹಾಳೆಯನ್ನೂ ಓದಿದೆ. ಎರಡು ಸಲ ಓದಿದೆ. ನಾನು ಇಪ್ಪತ್ತಾರು ವರ್ಷದಿಂದ ಹಲಗೆ ಕೆತ್ತುತ್ತಿದ್ದೇನೆ, ಗಿರಾಕಿಯ ಕಾಗದ ಓದಿ ಕಣ್ಣು ಒದ್ದೆಯಾದದ್ದು ಇದೇ ಮೊದಲು. ತಪ್ಪಾಯಿತು.

ಹಲಗೆ ಇವತ್ತು ಲಾರಿಗೆ ಹತ್ತಿಸಿದೆ. ಐವತ್ತೆಂಟು ಸೆಂಟಿಮೀಟರ್ ಅಗಲ, ನಿನ್ನ ತೂಕದ ಅಂಕಿಯೇ, ಸುಮ್ಮನೆ ಕೂಡಿಬಂತು. ತಳ ನೇರ, ಸಪಾಟು ನೀರಿಗೆ ಹೇಳಿ ಮಾಡಿಸಿದ್ದು. ಎಂಬತ್ತು ಲೀಟರ್. ಲೆಕ್ಕ ಸುಲಭ: ಒಂದು ಲೀಟರ್ ಹಲಗೆ ಹೆಚ್ಚುಕಡಿಮೆ ಒಂದು ಕಿಲೋವನ್ನು ಎತ್ತಿ ಹಿಡಿಯುತ್ತದೆ. ನೀನು ಐವತ್ತೆಂಟು, ಹಾಯಿ ಮತ್ತು ಕಂಬ ಹತ್ತು, ಹಲಗೆ ಆರು. ಎಪ್ಪತ್ತನಾಲ್ಕು. ಇನ್ನೂ ಆರು ಲೀಟರ್ ನಿನ್ನ ಒದ್ದೆ ಬಟ್ಟೆಗೆ ಮತ್ತು ಅಕ್ಕನ ಡಬ್ಬಿಗಳಿಗೆ. ಗಾಳಿ ಬಿದ್ದರೂ ಪಾದ ಒದ್ದೆಯಾಗಬಹುದು, ಮುಳುಗುವುದಿಲ್ಲ.

ಗೆದ್ದು ಬಾ.

ಚಿಕ್ಕಮ್ಮ


ಮಾರ್ಚ್ 24

ಚಿಕ್ಕಮ್ಮ,

ಮುಳುಗುತ್ತದೆ.

ಸ್ಪರ್ಧಿಗಳಿಗೆ ಭಾನುವಾರ ಅಭ್ಯಾಸಕ್ಕೆ ನೀರು ಬಿಡುತ್ತಾರೆ. ಹಲಗೆ ಇಳಿಸಿದೆ. ಗಾಳಿ ಇದ್ದಾಗ ಅದು ಹಲಗೆಯಲ್ಲ, ಬಾಣ. ಹಗ್ಗದ ಆಚೆ ಕೂತ ನಮ್ಮ ಹೆಂಗಸರು ಎದ್ದು ನಿಂತು ಕೂಗಿದರು. ಗಾಳಿ ಒಂದು ಕ್ಷಣ ನಿಂತಿತು ನೋಡು, ಮೊದಲು ಪಾದ, ಆಮೇಲೆ ಮೊಣಕಾಲು. ಹಾಯಿ ಹಿಡಿದುಕೊಂಡು ನಿಧಾನವಾಗಿ, ಬಹಳ ಗೌರವಯುತವಾಗಿ ಇಳಿದುಹೋದೆ. ದೊಡ್ಡಕ್ಕ ದಡದಿಂದ "ಏನಾದ್ರೂ ಬೀಳಿಸ್ಕೊಂಡು ಹುಡುಕ್ತಾ ಇದೀಯೇನೇ?" ಎಂದಳು.

ಚಿಕ್ಕಮ್ಮ, ಬೇಜಾರು ಮಾಡಿಕೊಳ್ಳಬೇಡ. ವಯಸ್ಸಾದಂತೆ ಕಣ್ಣಿನ ಅಳತೆ ತಪ್ಪುವುದು ಸಹಜ. ಎಂಬತ್ತು ಲೀಟರ್ ಎಂದುಕೊಂಡು ಎಪ್ಪತ್ತು ಮಾಡಿರಬೇಕು. ಓಟಕ್ಕೆ ಇಪ್ಪತ್ತಾರು ದಿನ ಉಳಿದಿದೆ. ಬೇರೆ ಹಲಗೆ ಆಗುತ್ತದಾ?


ಮಾರ್ಚ್ 31

ಕಣ್ಣು ಚೆನ್ನಾಗಿದೆ. ಹಲಗೆ ಎಂಬತ್ತು ಲೀಟರೇ. ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಅಳೆದೇ ಕಳಿಸುವುದು ನನ್ನ ಪದ್ಧತಿ. ಬೇರೆ ಹಲಗೆಗೆ ಸಮಯವಿಲ್ಲ.

ಹಾಗಾದರೆ ನಮ್ಮಿಬ್ಬರಲ್ಲಿ ಒಬ್ಬರ ಅಂಕಿ ಸುಳ್ಳು. ನೀನು ಸುಳ್ಳು ಹೇಳಿಲ್ಲ ಎಂದು ಮೂರು ಹಾಳೆಯ ಮೇಲೆ ಆಣೆ ಇಟ್ಟಿದ್ದೀಯ. ಒಂದು ಕೆಲಸ ಮಾಡು. ಖಾಲಿ ಕ್ಯಾನು ತಗೊ. ನಿನ್ನ ತಕ್ಕಡಿಯ ಮೇಲೆ ಇಟ್ಟು ತೂಗು. ಆಮೇಲೆ ಲೀಟರ್ ಬಾಟಲಿಯಲ್ಲಿ ಅಳೆದು ಹತ್ತು ಲೀಟರ್ ಕುಡಿಯುವ ನೀರು ತುಂಬಿಸಿ ಮತ್ತೆ ತೂಗು. ವ್ಯತ್ಯಾಸ ಹತ್ತು ಕಿಲೋ ಬರಬೇಕು. ನೀರಿಗೆ ಯಾವ ಪಕ್ಷವೂ ಇಲ್ಲ.

ಬಂದದ್ದನ್ನು ಬರೆ.

ಚಿಕ್ಕಮ್ಮ


ಏಪ್ರಿಲ್ 7

ಚಿಕ್ಕಮ್ಮ,

ಎಂಟು ಕಿಲೋ ಎಂಟುನೂರು ಗ್ರಾಂ.

ಐದು ಸಲ ತೂಗಿದೆ. ಕ್ಯಾನು ಬದಲಾಯಿಸಿದೆ. ಬಾಟಲಿ ಬದಲಾಯಿಸಿದೆ. ಎಂಟು ಎಂಟುನೂರು.

ಎರಡು ವರ್ಷದಿಂದ ಆ ತಕ್ಕಡಿಯ ಪಕ್ಕ ಕೂತು ನಲವತ್ತನಾಲ್ಕು, ನಲವತ್ತನಾಲ್ಕು ಎಂದು ಕೂಗಿದವಳು ನಾನು. ಐವತ್ತು ಕಿಲೋ ಹೊತ್ತು ತಂದವರ ಮುಖಕ್ಕೆ ಕೂಗಿದ್ದೇನೆ. ಅವರ ಕೂಲಿ ತೂಕದ ಮೇಲೆ. ಅವರು ತಕ್ಕಡಿ ಸರಿಯಿಲ್ಲ ಅಂದಾಗ ನಾನು ಅವರಿಗೆ ಓದಲು ಕರಪತ್ರ ಕೊಟ್ಟೆ. ಮೇನೇಜರು ಕದ್ದಿರಬಹುದು, ಆದರೆ ಕದ್ದ ಅಂಕಿಯನ್ನು ಗಟ್ಟಿಯಾಗಿ ಓದಿದ್ದು ನನ್ನ ಗಂಟಲು.

ದೊಡ್ಡಕ್ಕನ ಹತ್ತಿರ ಹೋಗಿ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ. ಅವಳು ಸಿಂಬಿ ಬಿಚ್ಚಿ ಕರಪತ್ರ ತೆಗೆದು ನನ್ನ ಕೈಗಿಟ್ಟಳು. "ತಗೋ. ಇದು ಇಟ್ಕೊಂಡಾಗಿಂದ ತಲೆ ಸ್ವಲ್ಪ ಕಡಿಮೆ ನೋಯ್ತಿತ್ತು, ಮೆತ್ತಗಿದೆ."

ಓಟದ ದಿನ ಕಟ್ಟೆಯ ಮೇಲೆ ನಿಂತು ಎಲ್ಲ ಹೇಳುತ್ತೇನೆ. ಭಾಷಣ ಬರೆಯುತ್ತಿದ್ದೇನೆ, ಈಗ ಹನ್ನೊಂದನೆಯ ಪುಟ.


ಏಪ್ರಿಲ್ 12

ಕಂದಾ,

ಭಾಷಣ ಹರಿದು ಹಾಕು.

ಓಟದ ಬೆಳಿಗ್ಗೆ ಗುಂಪು ಮಾಡಲು ಎಲ್ಲರನ್ನೂ ಕ್ಲಬ್ಬಿನ ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ, ಎಲ್ಲ ಕಡೆಯೂ ಹಾಗೆಯೇ. ತಮ್ಮ ಆಟಕ್ಕೆ ಬಳಸುವ ತಕ್ಕಡಿಯನ್ನು ಯಾರೂ ಕೆಡಿಸಿಟ್ಟುಕೊಳ್ಳುವುದಿಲ್ಲ. ನೀನು ಹೋಗಿ ಅದರ ಮೇಲೆ ನಿಲ್ಲು. ಬಾಯಿ ಮುಚ್ಚಿಕೊಂಡು ನಿಲ್ಲು. ಉಳಿದದ್ದು ನಿನ್ನ ತೂಕ ಮಾತಾಡುತ್ತದೆ. ನನ್ನ ಲೆಕ್ಕದಲ್ಲಿ ನೀನು ಅರವತ್ತಾರು.

ಆಮೇಲೆ ನಿನ್ನ ಗಂಟಲಿನ ವಿಷಯ. ಗೊತ್ತಿಲ್ಲದೆ ಓದಿದ್ದೀಯ. ಗೊತ್ತಾದ ದಿನವೇ ಹೋಗಿ ಹೇಳಿದ್ದೀಯ. ಅಷ್ಟು ಸಾಕು, ಊಟ ಮಾಡು.

ಚಿಕ್ಕಮ್ಮ


ಏಪ್ರಿಲ್ 22

ಪ್ರೀತಿಯ ಚಿಕ್ಕಮ್ಮ,

ಸೋತೆ. ಕೊನೆಯವಳಾಗಿ ಬಂದೆ. ಬಂದೆ ಎನ್ನುವುದೂ ಉತ್ಪ್ರೇಕ್ಷೆ, ತಂದರು. ಮೊದಲಿನಿಂದ ಹೇಳುತ್ತೇನೆ.

ತೂಕ ಓದುತ್ತಿದ್ದವರು ಸ್ವತಃ ಇಸ್ತ್ರಿ ಸಾಹೇಬರು, ಕ್ಲಬ್ಬಿನ ಅಧ್ಯಕ್ಷರು ಅವರೇ. ನಮ್ಮ ಹೆಂಗಸರೆಲ್ಲ ಹಳದಿ ಹಗ್ಗದ ಆಚೆ ನಿಂತಿದ್ದರು. ನಾನು ತಕ್ಕಡಿ ಹತ್ತಿದೆ. "ಅರವತ್ತಾರು" ಎಂದು ಕೂಗಿದರು. ಅರ್ಜಿ ನೋಡಿದರು. ಮುಖ ಅರಳಿತು.

"ಏನಮ್ಮಾ, ಇಲ್ಲಿ ಐವತ್ತೆಂಟು ಅಂತಿದೆ? ಹಗುರದ ಗುಂಪಿಗೆ ನುಗ್ಗೋಕೆ ಸುಳ್ಳು ಬರೆದ್ಯಾ? ಸತ್ಯ, ನ್ಯಾಯ ಅಂತ ಸಭೆಯಲ್ಲಿ ಕೂಗೋಳು ನೀನೇ ತಾನೆ?"

ನನ್ನ ಬಾಯಲ್ಲಿ ಹನ್ನೊಂದು ಪುಟ ಇತ್ತು ಚಿಕ್ಕಮ್ಮ. ಎಲ್ಲ ನುಂಗಿದೆ. "ಸಾರ್, ಅದು ನಮ್ಮ ಕಾರ್ಖಾನೆ ತಕ್ಕಡಿ ಚೀಟಿ. ಕೆಳಗೆ ಸಹಿ ನಿಮ್ಮದು" ಅಂದೆ ಅಷ್ಟೇ. ಅರ್ಜಿಯಿಂದ ಆ ಚೀಟಿ ಕಿತ್ತು ಹಗ್ಗದ ಆಚೆ ನಮ್ಮವರ ಕೈಗೆ ದಾಟಿಸಿದೆ.

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ದೊಡ್ಡಕ್ಕನಿಗೆ ಬೇಕಾಗಲಿಲ್ಲ. ತಲೆಯ ಮೇಲೆ ಒಂದು ಮೂಟೆ ಉಪ್ಪು ಹೊತ್ತುಕೊಂಡೇ ಬಂದಿದ್ದಳು. ಹಗ್ಗ ದಾಟಿದಳು, ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿದಳು, ಮೂಟೆಯನ್ನು ತಕ್ಕಡಿಯ ಮೇಲೆ ಇಳಿಸಿದಳು. ಹಿಂದಿನ ದಿನದ ಚೀಟಿ ಅದರ ಮೇಲೇ ಅಂಟಿತ್ತು: ನಲವತ್ತನಾಲ್ಕು. ಮುಳ್ಳು ಐವತ್ತರಲ್ಲಿ ನಿಂತಿತು. "ಓದಿ ಸಾರ್, ಗಟ್ಟಿಯಾಗಿ ಓದಿ. ಈ ಹುಡುಗಿ ದಿನಾ ಓದ್ತಾಳಲ್ಲ, ಹಂಗೆ" ಅಂದಳು. ಅವರು ಓದಲಿಲ್ಲ. ಹಗ್ಗದ ಆಚೆಯಿಂದ ಮೂವತ್ತು ಜನ ಓದಿದರು. ಮೊದಲ ಬಾರಿಗೆ ಅವರ ಅಂಗಿಯ ಬೆನ್ನು ಸುಕ್ಕಾದದ್ದನ್ನು ನೋಡಿದೆ.

ನನ್ನನ್ನು ಭಾರದ ಗುಂಪಿಗೆ ಹಾಕಿದರು, ಅವರದೇ ಗುಂಪು. ಗಾಳಿ ಚೆನ್ನಾಗಿತ್ತು. ಎರಡು ಬುಡ್ಡೆ ಸುತ್ತುವ ತನಕ ನಾನು ಎರಡನೆಯವಳು. ಹಲಗೆ ನೀರನ್ನು ಮುಟ್ಟುತ್ತಲೇ ಇರಲಿಲ್ಲ. ಮೂರನೆಯ ಬುಡ್ಡೆಯಲ್ಲಿ ತಿರುಗಿದೆ, ಗಾಳಿ ಸತ್ತಿತು. ಮಿಕ್ಕವರು ನಿಂತ ಜಾಗದಲ್ಲಿ ತೇಲುತ್ತಿದ್ದರು. ನಾನು ಇಳಿಯುತ್ತಿದ್ದೆ. ಸೊಂಟದ ಮಟ್ಟಕ್ಕೆ ಬಂದಾಗ ಇಸ್ತ್ರಿ ಸಾಹೇಬರು ಪಕ್ಕದಲ್ಲೇ ತೇಲಿಕೊಂಡು ಬಂದರು. ಮೆಲ್ಲಗೆ ಹೇಳಿದರು: "ಆ ಚೀಟಿ ವಾಪಸ್ ಕೊಡು. ತಕ್ಕಡಿ ರಿಪೇರಿ ಮಾಡಿಸ್ತೀನಿ, ಸದ್ದಿಲ್ಲದೆ. ಓಟ ಏನೇ ಆಗ್ಲಿ, ಸಂಜೆ ನೀರು ನಿಮ್ಮದೇ."

ಕುತ್ತಿಗೆಯವರೆಗೆ ನೀರಿರುವಾಗ ತತ್ವ ನೆನಪಾಗುವುದು ಕಷ್ಟ. ಒಂದು ಗಳಿಗೆ ಹೂಂ ಅನ್ನೋಣ ಅನ್ನಿಸಿತು. ನಿನಗೆ ಮಾತ್ರ ಹೇಳುತ್ತಿದ್ದೇನೆ. "ಕೇಳಿ ಹೇಳ್ತೀನಿ ಸಾರ್" ಅಂದು ಮುಳುಗಿದೆ.

ದಡದಲ್ಲಿ ಕೇಳಿದೆ. ದೊಡ್ಡಕ್ಕ ನನ್ನ ತಲೆ ಒರೆಸುತ್ತಾ ಹೇಳಿದಳು: "ನೀರು ಎಲ್ಲೂ ಹೋಗಲ್ಲ. ಸದ್ದು ಮಾಡೇ ರಿಪೇರಿ ಆಗ್ಲಿ." ಎಲ್ಲರೂ ಕೈ ಎತ್ತಿದರು. ಚೀಟಿಯನ್ನೂ ಮೂಟೆಯನ್ನೂ ತೂಕ ಅಳತೆಯ ಇಲಾಖೆಗೆ ಒಯ್ದು ಕೊಟ್ಟೆವು.

ಹೀಗೆ ನೀರು ಕಳೆದೆ. ನಿನ್ನ ಹಲಗೆಯ ಮರ್ಯಾದೆಯನ್ನೂ ಕಳೆದೆ. ಕ್ಷಮಿಸು.


ಮೇ 1

ಕಂದಾ,

ನಿನಗೆ ಒಂದು ವಿಷಯ ಹೇಳಿರಲಿಲ್ಲ. ಹೇಳಿದರೆ ನಗುತ್ತೀಯೋ ಅಳುತ್ತೀಯೋ ಎಂದು ಯೋಚಿಸುತ್ತಿದ್ದೆ.

ಇಪ್ಪತ್ತಾರು ವರ್ಷದಲ್ಲಿ ನನಗೆ ತನ್ನ ನಿಜವಾದ ತೂಕ ಹೇಳಿದ ಗಿರಾಕಿ ಒಬ್ಬನೂ ಇಲ್ಲ. ಗಂಡಸರು, ಹೆಂಗಸರು, ಪೊಲೀಸರು, ಮೇಷ್ಟ್ರುಗಳು, ಎಲ್ಲರೂ ಕಡಿಮೆಯೇ ಹೇಳುತ್ತಾರೆ. ಅದಕ್ಕೆ ನಾನು ಯಾರಿಗೂ ಹೇಳದೆ ಪ್ರತಿ ಹಲಗೆಗೂ ಎಂಟು ಲೀಟರ್ ಸೇರಿಸುತ್ತೇನೆ. ಯಾರೂ ಮುಳುಗಿಲ್ಲ. ಎಲ್ಲರೂ ನನ್ನನ್ನು ಹೊಗಳುತ್ತಾರೆ.

ನಿನ್ನ ಹಲಗೆಗೂ ಸೇರಿಸಿ ಗೆರೆ ಎಳೆದಿದ್ದೆ. ಅಷ್ಟರಲ್ಲಿ ನಿನ್ನ ಮೂರು ಹಾಳೆ ಬಂತು. ಒಂದು ಗ್ರಾಂ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ ಅಂದೆ. ನಾಚಿಕೆಯಾಯಿತು. ಗೆರೆ ಅಳಿಸಿ ಎಂಟು ಲೀಟರ್ ತೆಗೆದೆ. ಅದೊಂದಿದ್ದಿದ್ದರೆ ನೀನು ಆ ಬುಡ್ಡೆಯ ಹತ್ತಿರ ತೇಲುತ್ತಿದ್ದೆ, ಮೊದಲ ಮೂರರಲ್ಲಿ ಬರುತ್ತಿದ್ದೆ. ಕ್ಲಬ್ಬಿನ ತಕ್ಕಡಿ ಅರವತ್ತಾರು ಅಂದಿದ್ದರೂ ಅಕ್ಕನ ಡಬ್ಬಿಯ ಮಹಿಮೆ ಅಂದುಕೊಳ್ಳುತ್ತಿದ್ದೆ, ಕಾರ್ಖಾನೆಯ ತಕ್ಕಡಿಯ ವಿಷಯ ಮಾತ್ರ ಯಾವತ್ತಿಗೂ ಗೊತ್ತಾಗುತ್ತಿರಲಿಲ್ಲ.

ನನ್ನ ಹಲಗೆಗಳಲ್ಲಿ ಮುಳುಗಿದ್ದು ಇದೊಂದೇ. ಅದನ್ನು ಮಾರಬೇಡ.

ಚಿಕ್ಕಮ್ಮ


ಮೇ 19

ಪ್ರೀತಿಯ ಚಿಕ್ಕಮ್ಮ,

ನಕ್ಕೆ. ಆಮೇಲೆ ಅತ್ತೆ. ಆಮೇಲೆ ಅಮ್ಮನ ಡಬ್ಬಿ ತೆಗೆದೆ.

ತಕ್ಕಡಿಗೆ ಇಲಾಖೆಯವರು ಮೊಹರು ಹಾಕಿ ಒಯ್ದರು. ಹೊಸದು ಬಂದಿದೆ. ಈಗ ಪ್ರತಿ ಸೋಮವಾರ ಬೆಳಿಗ್ಗೆ, ಎಲ್ಲರ ಎದುರಿಗೆ, ಮೊದಲು ಹತ್ತು ಲೀಟರ್ ನೀರಿನ ಕ್ಯಾನು ತೂಗುತ್ತೇವೆ. ಆಮೇಲೇ ಉಪ್ಪು. ಇದಕ್ಕೆ ದೊಡ್ಡಕ್ಕ "ಚಿಕ್ಕಮ್ಮನ ಕ್ಯಾನು" ಎಂದು ಹೆಸರಿಟ್ಟಿದ್ದಾಳೆ. ಇಸ್ತ್ರಿ ಸಾಹೇಬರು ರಜೆಯಲ್ಲಿದ್ದಾರೆ, ಯಾವಾಗ ಬರುತ್ತಾರೋ ಯಾರಿಗೂ ಗೊತ್ತಿಲ್ಲ.

ನೀರಿನ ವಿಷಯ. ಅವರು ಸಹಿ ಹಾಕಿದ ಹಾಳೆಯನ್ನು ಮತ್ತೆ ಓದಿದೆ. "ಸ್ಲಾಲಂ ಓಟದಲ್ಲಿ" ಎಂದಿದೆ. ಯಾವ ವರ್ಷದ ಓಟ ಎಂದಿಲ್ಲ. ಮುಂದಿನ ಏಪ್ರಿಲ್ ಕೂಡ ಆಗುತ್ತದೆ, ಅದರ ಮುಂದಿನದೂ ಆಗುತ್ತದೆ. ಸ್ಪರ್ಧಿಗಳಿಗೆ ಭಾನುವಾರ ಅಭ್ಯಾಸದ ಹಕ್ಕಿದೆಯಲ್ಲ? ಆದ್ದರಿಂದ ನಾವು ಮೂವತ್ತೆರಡು ಜನ ಸ್ಪರ್ಧೆಗೆ ಹೆಸರು ಕೊಟ್ಟಿದ್ದೇವೆ. ಹೋದ ಭಾನುವಾರ ಮೂವತ್ತೆರಡು ಜನ ಸ್ಪರ್ಧಿಗಳು ಹಳದಿ ಹಗ್ಗ ದಾಟಿ, ಕಟ್ಟೆಯ ಮೇಲೆ ಕೂತು, ಕಾಲು ನೀರಿಗಿಳಿಸಿ ಅಭ್ಯಾಸ ಮಾಡಿದರು.

ಇನ್ನೊಂದು ಹಲಗೆ ಬೇಕು. ಈ ಸಲ ಎಲ್ಲರಿಗೂ ಸೇರಿ. ನಾನು ಮೊದಲೇ ಕೇಳಬೇಕಿದ್ದದ್ದು. ಎಂಬತ್ತು ಸೆಂಟಿಮೀಟರ್ ಅಗಲ, ಉದ್ದನೆಯ ಫಿನ್, ತೆಳ್ಳಗಿನ ಗಾಳಿಗೂ ಏಳಬೇಕು, ಕಲಿಯುವವಳು ನಿಂತರೂ ಮಗುಚಬಾರದು. ನಮ್ಮಲ್ಲಿ ಅತಿ ಭಾರದವಳ ಲೆಕ್ಕಕ್ಕೆ ಮಾಡು. ಅದಕ್ಕಾಗಿ ಎಲ್ಲರನ್ನೂ ಹೊಸ ತಕ್ಕಡಿಯ ಮೇಲೆ ನಿಲ್ಲಿಸಿದೆ. ಮೂವತ್ತೊಂದು ಚೀಟಿ ಲಗತ್ತಿಸಿದ್ದೇನೆ, ನನ್ನದು ಅರವತ್ತೆಂಟು, ಎರಡು ಕಿಲೋ ಅಮ್ಮನದು.

ಮೂವತ್ತೆರಡನೆಯದು ದೊಡ್ಡಕ್ಕನದು. ಮೂಟೆಯನ್ನು ಎಷ್ಟು ಬೇಕಾದರೂ ತೂಗು, ತಾನು ಮಾತ್ರ ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. "ಐವತ್ತೈದು ಅಂತ ಬರಿ, ನಿನ್ನ ಚಿಕ್ಕಮ್ಮಂಗೆ ಏನ್ ಗೊತ್ತಾಗತ್ತೆ" ಅನ್ನುತ್ತಾಳೆ. ಅವಳು ಬೆಂಚಿನ ಆ ತುದಿಗೆ ಕೂತರೆ ಈ ತುದಿಯಲ್ಲಿ ಕೂತ ನಾನು ಏಳುತ್ತೇನೆ.

ಐವತ್ತೈದು ಅಂತಲೇ ಬರೆದಿದ್ದೇನೆ. ನಿನ್ನ ಎಂಟು ಲೀಟರ್ ಸೇರಿಸು. ಇವಳಿಗೆ ಮಾತ್ರ, ಮೂವತ್ತು.

ನಿನ್ನ
ಕರಪತ್ರ